ಪದವು "ಹೋಯ್ತು" ಅಂತ ಹೇಳುದು ಯಾವಾಗ? ಅದಕ್ಕೆ ಲೆಕ್ಕ ಉಂಟಾ?

ಪದವಿನಂಚಿನವ

ಸ್ವಲ್ಪ ಉದ್ದ ಉಂಟು, ಪುರುಸೊತ್ತಿದ್ದವರು ಓದಿ.

ನಮ್ಮ ಮನೆ ಕಾಸರಗೋಡಿನ ಬದಿಯಡ್ಕ–ಪೆರ್ಲ ರೋಡಿಂದ ಒಳಗೆ, ಪದವಿನ ಬುಡದಲ್ಲಿ. ಮೇಲೆ ಬೋಳು ಪದವು, ಅಂದ್ರೆ ಗುಡ್ಡೆ ತಲೆಯ ಮುರಕಲ್ಲಿನ (ಕೆಂಪುಕಲ್ಲಿನ) ಬಯಲು, ಅದರ ನಡುವಲ್ಲಿ ಮಳೆನೀರು ನಿಲ್ಲುವ ಒಂದು ಪಳ್ಳ, ಕೆಳಗೆ ಗುಡ್ಡೆಗೆ ಕೊರೆದ ಸುರಂಗ, ಸುರಂಗದ ನೀರು ದಂಬೆಯಲ್ಲಿ ಬಂದು ಕೆರೆಗೆ ಬಿದ್ದು ಅಲ್ಲಿಂದ ತೋಟಕ್ಕೆ. ನಾನು ಸಣ್ಣದಿರುವಾಗ ಮಕರ ಸಂಕ್ರಾಂತಿಗೂ ಪಳ್ಳದಲ್ಲಿ ದನ ನೀರು ಕುಡಿಯುದು ನೋಡಿದ್ದೇನೆ, ಈಗ ದೀಪಾವಳಿಗೆ ತಳ ಕಾಣ್ತದೆ. ಸುರಂಗದ ಬಾಯಿಗೆ ಕೊಡಪಾನ ಇಟ್ರೆ ಮೊದ್ಲು ಅಜ್ಜ ಒಂದು ವೀಳ್ಯ ಹಾಕಿ ಮುಗಿಸುವಷ್ಟರಲ್ಲಿ ತುಂಬ್ತಿತ್ತು. ಈಗ ಮಾರ್ಚಲ್ಲಿ ಕೊಡಪಾನ ಇಟ್ಟು, ಪೇಪರ್ ಪೂರ್ತಿ ಓದಿ, ರಾಶಿಫಲ ಸಮೇತ ಓದಿ ಬಂದ್ರೂ ಕುತ್ತಿಗೆವರೆಗೆ ಬಂದಿರುದಿಲ್ಲ.

ಪದವಿನ ಮೂಡು ಬದಿಯಲ್ಲಿ ಮೂರು ಕಲ್ಲಿನ ಪಣೆ (ಕಲ್ಲು ಕೊಯ್ಯುವ ಕೋರೆ) ಉಂಟು, ನಾಲ್ಕನೆಯದಕ್ಕೆ ಅರ್ಜಿ ಬಿದ್ದಿದೆ. ಮೊನ್ನೆ ಒಂದು ಸಭೆಯಲ್ಲಿ ಇದನ್ನು ಹೇಳಿದ್ದಕ್ಕೆ ಅಲ್ಲಿ ಕೂತಿದ್ದ ಒಬ್ರು ನಗಾಡಿ "ಅದು ಪಾಳುಜಾಗ ಅಲ್ವಾ, ಹಾಳಾಗ್ಲಿಕ್ಕೆ ಅಲ್ಲಿ ಎಂತ ಉಂಟು" ಅಂದ್ರು. ನನಗೆ ಬಾಯಿ ಬರ್ಲಿಲ್ಲ ಮಾರಾಯ್ರೆ. ಮನೆಗೆ ಬಂದ ಮೇಲೆ ಹತ್ತು ಉತ್ತರ ಹೊಳೀತು, ಅದು ಬೇರೆ. ಹುಲಿಗೆ ಆಮೆಗೆ ಎಲ್ಲ "ಅಳಿವಿನಂಚು" ಅಂತ ಪಟ್ಟಿ ಉಂಟಲ್ಲ, ಒಂದಿಡೀ ಪದವಿಗೆ ಹಾಗೆ ಅಳತೆ ಮಾಡುವ ಕ್ರಮ ಉಂಟಾ? ಎಲ್ಲಿಗೆ ಬಂದ್ರೆ "ಇನ್ನು ಆಗ್ಲಿಕ್ಕಿಲ್ಲ" ಅಂತ ಹೇಳುದು?

ಅಡಿಕೆಮಂಡೆ

ಸುರಂಗದಲ್ಲಿ ನೀರು ಕಮ್ಮಿಯಾದ್ದಕ್ಕೆ ನಿಮ್ಮ ತೋಟದ ಬೋರ್‌ವೆಲ್ ಎಷ್ಟು ಅಡಿ ಅಂತ ಮೊದ್ಲು ಹೇಳಿ 😄

ಪದವಿನಂಚಿನವ

@ಅಡಿಕೆಮಂಡೆ ಎರಡು ಉಂಟು. ಅಡಿ ಹೇಳುದಿಲ್ಲ.

ಹೊಸಂಗಡಿ ಹೈದ

ಪಟ್ಟಿ ಇದೆಯಲ್ಲ. 2023ರಲ್ಲಿ ನಮ್ಮ ಕಾಸರಗೋಡು ಜಿಲ್ಲೆಗೇ ಅಂತ ಮರ, ಹೂ, ಹಕ್ಕಿ, ಪ್ರಾಣಿ ಘೋಷಣೆ ಮಾಡಿದ್ರು, ದೇಶದಲ್ಲೇ ಫಸ್ಟ್ ಅಂತ ಪೇಪರಲ್ಲಿ ಬಂದಿತ್ತು. ಕಾಂಜಿರಂ ಮರ, ಪೆರಿಯದ ಆ ಬಿಳಿ ಹೂ, ಕಡಲ ಹದ್ದು, ಮತ್ತೆ ಪಯಸ್ವಿನಿಯಲ್ಲಿರುವ ಭಾರೀ ದೊಡ್ಡ ಮೆತ್ತನೆ ಚಿಪ್ಪಿನ ಆಮೆ.

ಕುಂಬ್ಳೆ ಕಡಲಕ್ಕಿ

@ಹೈದ ಅದು ಜೀವಿಗಳ ಪಟ್ಟಿ, ಇವರು ಕೇಳಿದ್ದು ಜಾಗದ್ದು. ಎರಡೂ ಬೇರೆ. ಆಮೆ ಉಳಿದು ಹೊಳೆ ಸಾಯಬಹುದು, ಅಕ್ವೇರಿಯಂನಲ್ಲಿ ಇಟ್ರೆ ಆಮೆ ಉಂಟು ಅಂತ್ಲೇ ಲೆಕ್ಕ.

ಜಾಗಕ್ಕೂ ಕ್ರಮ ಉಂಟು. ಅಳಿವಿನಂಚಿನ ಪ್ರಾಣಿಗಳ ಕೆಂಪುಪಟ್ಟಿ ಮಾಡುವ ಐಯುಸಿಎನ್ ಅಂತ ಅಂತಾರಾಷ್ಟ್ರೀಯ ಸಂಸ್ಥೆ ಉಂಟಲ್ಲ, ಅವರೇ ಇಕೋಸಿಸ್ಟಮ್‌ಗಳಿಗೆ (ಒಂದು ಜಾಗದ ಮಣ್ಣು, ನೀರು, ಜೀವಿ ಎಲ್ಲ ಸೇರಿದ್ದಕ್ಕೆ) ಬೇರೆ ಕೆಂಪುಪಟ್ಟಿ ಮಾಡಿದ್ದಾರೆ, 2014ರಲ್ಲಿ ಅದರ ಮಾನದಂಡ ಅಧಿಕೃತ ಆಯ್ತು. ಪ್ರಾಣಿಗೆ "ಎಕ್ಸ್‌ಟಿಂಕ್ಟ್" ಅನ್ನುವಲ್ಲಿ ಇದಕ್ಕೆ "ಕೊಲಾಪ್ಸ್ಡ್", ಅಂದ್ರೆ ಕುಸಿದದ್ದು, ಅಂತಾರೆ. ಅದರ ಕೆಳಗೆ ಕ್ರಿಟಿಕಲ್, ಎಂಡೇಂಜರ್ಡ್, ವಲ್ನರಬಲ್ ಎಲ್ಲ ಮಾಮೂಲಿ. ಅವರು ಕೇಳುವ ಪ್ರಶ್ನೆ ಐದೇ. ವಿಸ್ತೀರ್ಣ ಎಷ್ಟು ಕಮ್ಮಿಯಾಯ್ತು, ಇರುವುದೇ ಸಣ್ಣ ಜಾಗದಲ್ಲಾ, ಮಣ್ಣು-ನೀರು-ಗಾಳಿ ಎಷ್ಟು ಕೆಟ್ಟಿತು, ಜೀವಿಗಳ ನಡುವಿನ ಕೊಡು-ಕೊಳು ಎಷ್ಟು ಹಾಳಾಯ್ತು, ಕೊನೆಗೆ ಎಲ್ಲ ಸೇರಿಸಿ ಮಾಡೆಲ್ ಮಾಡಿದ್ರೆ ಕುಸಿಯುವ ಸಂಭವ ಎಷ್ಟು. ಐದರಲ್ಲಿ ಯಾವುದು ಅತಿ ಕೆಟ್ಟದಾಗಿ ಬರ್ತದೋ ಅದೇ ಅಂತಿಮ ಮಾರ್ಕು. ಸರಾಸರಿ ಗಿರಾಸರಿ ಇಲ್ಲ.

ವಿಸ್ತೀರ್ಣಕ್ಕೆ 50 ವರ್ಷದ ಕಿಟಕಿ: 30% ಹೋದ್ರೆ ವಲ್ನರಬಲ್, 50% ಹೋದ್ರೆ ಎಂಡೇಂಜರ್ಡ್, 80% ಹೋದ್ರೆ ಕ್ರಿಟಿಕಲ್.

ಅಡಿಕೆಮಂಡೆ

ಹಾಗಾದ್ರೆ ಪದವಿಗೆ ಏನೂ ಆಗ್ಲಿಲ್ಲ. ಪದವು ಎಲ್ಲಿಗೂ ಓಡಿ ಹೋಗ್ಲಿಲ್ಲ, ಅಲ್ಲೇ ಉಂಟು. ಪಣೆ ಇರುದು ಒಂದು ಮೂಲೆಯಲ್ಲಿ. 10% ಇರಬಹುದು.

ಕುಂಬ್ಳೆ ಕಡಲಕ್ಕಿ

ಅಲ್ಲೇ ಎಡವುದು ಎಲ್ರೂ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಮೌಂಟನ್ ಆಶ್ ಅಂತ ಒಂದು ನೀಲಗಿರಿ ಜಾತಿಯ ಕಾಡುಂಟು, ತೆಂಗಿನ ಮರ ಮೂರ್ನಾಲ್ಕು ಒಂದರ ಮೇಲೊಂದು ನಿಲ್ಲಿಸಿದಷ್ಟು ಎತ್ತರ. ಮ್ಯಾಪಲ್ಲಿ ನೋಡಿದ್ರೆ ಹಸುರೋ ಹಸುರು. ಆದ್ರೆ ಕಡಿದು, ಬೆಂಕಿ ಬಿದ್ದು, ಈಗಿರುದರಲ್ಲಿ ಹೆಚ್ಚಿನದು ಎಳೆ ಮರ. ನೂರಿನ್ನೂರು ವರ್ಷ ಆಗಿ ಪೊಟರೆ ಬಿಟ್ಟ ಹಳೆ ಮರಗಳು ಕಮ್ಮಿಯಾದವು, ಪೊಟರೆಯಲ್ಲಿ ಮರಿ ಮಾಡುವ ಪ್ರಾಣಿಗಳಿಗೆ ಜಾಗ ಇಲ್ಲ. ಈ ಲೆಕ್ಕದಲ್ಲಿ ಅದಕ್ಕೆ ಸಿಕ್ಕಿದ ಮಾರ್ಕು ಕ್ರಿಟಿಕಲ್. ಕಾಡು ಅಲ್ಲೇ ಉಂಟು, ಓಡಿ ಹೋಗ್ಲಿಲ್ಲ.

ಪಣೆ ಪಾರ್ಟ್ನರ್

ನನಗೊಂದು ಲಾರಿ ಉಂಟು, ಕಲ್ಲು ಸಾಗಿಸ್ತೇನೆ, ಅಡಗಿಸುದು ಯಾಕೆ. ಇಲ್ಲಿ ಟೈಪ್ ಮಾಡ್ತಾ ಇರುವ ಎಲ್ರ ಮನೆ ಗೋಡೆ ಯಾವುದರದ್ದು? ಕೆಂಪುಕಲ್ಲಿನದ್ದೇ ಅಲ್ವಾ? ಅಜ್ಜನ ಕಾಲದಲ್ಲಿ ಕಲ್ಲು ಕೊಡಲಿಯಲ್ಲಿ ಕಡೀತಿದ್ರು, ಈಗ ಮೆಶಿನಲ್ಲಿ ಕೊಯ್ತಾರೆ, ಅಷ್ಟೇ ವ್ಯತ್ಯಾಸ. ಪದವಿನಲ್ಲಿ ಇದ್ದದ್ದು ಕಲ್ಲು ಮತ್ತು ಬಿಸಿಲು. ಅದಕ್ಕೆ ಕೊಲಾಪ್ಸ್ ಗಿಲಾಪ್ಸ್ ಅಂತ ದೊಡ್ಡ ಹೆಸರು ಬೇಡ.

ಮುಳಿಮಾಡು

ಕಲ್ಲು ಮತ್ತು ಬಿಸಿಲು ಅಂತೆ! ತಮ್ಮಾ, ನೀನು ಪದವಿಗೆ ಲಾರಿಯಲ್ಲಿ ಮಾತ್ರ ಹೋದ್ದು ಅಂತ ಕಾಣ್ತದೆ, ಮಳೆಗಾಲದಲ್ಲಿ ಒಮ್ಮೆ ಬರಿಗಾಲಲ್ಲಿ ಹೋಗು. ಆಗಸ್ಟಿನಲ್ಲಿ ಕಲ್ಲಿನ ಮೇಲೆ ಬೆರಳುದ್ದ ಮಣ್ಣೂ ಇಲ್ಲದ ಜಾಗದಲ್ಲಿ ನೀಲಿ ಹಾಸು ಹಾಸಿದ ಹಾಗೆ ಹೂ ಬರ್ತದೆ, ಓಣಂಗೆ ಮಲಯಾಳಿ ಮಕ್ಕಳು ಕಾಕ್ಕಪ್ಪೂ ಅಂತ ಕೊಯ್ಕೊಂಡು ಹೋಗುದು ಅದನ್ನೇ. ಅದು ಹುಳ ತಿನ್ನುವ ಗಿಡ ಅಂತ ನನಗೆ ಗೊತ್ತಾದ್ದು ಐವತ್ತು ವರ್ಷ ಆದ ಮೇಲೆ, ಮೊಮ್ಮಗಳು ಹೇಳಿ. ಕಲ್ಲಿನಲ್ಲಿ ಸಾರ ಇಲ್ಲ ಅಂತ ಹುಳ ಹಿಡಿದು ಹೊಟ್ಟೆ ಹೊರೀತದಂತೆ ಪಾಪ. ಅದರ ಹತ್ರವೇ ಬಿಳಿ ಗುಂಡಿ ಹಾಗಿರುವ ಹೂ, ಕಡ್ಡಿ ತುದಿಗೆ ಒಂದೊಂದು. ಮಳೆ ಹೋದ ಮೇಲೆ ಮುಳಿಹುಲ್ಲು ಸೊಂಟಕ್ಕೆ ಬರ್ತಿತ್ತು, ಡಿಸೆಂಬರಲ್ಲಿ ಊರವರೆಲ್ಲ ಪಾಲು ಮಾಡಿ ಕೊಯ್ಯುದು, ನಮ್ಮ ಮನೆಗೆ ಮಾಡು ಹೊದೆಸ್ಲಿಕ್ಕೆ ಅದೇ. ಬೇಸಿಗೆಯಲ್ಲಿ ಪದವು ದಾಟುವಾಗ ಟಿಟ್ಟಿಭ ಹಕ್ಕಿಯ ಮೊಟ್ಟೆ ಮೆಟ್ಟಿ ಹೋಗದ ಹಾಗೆ ಅಮ್ಮ ಬೊಬ್ಬೆ ಹಾಕುದು, ಯಾಕೆಂದ್ರೆ ಮೊಟ್ಟೆಯೂ ಕಲ್ಲಿನ ಬಣ್ಣವೇ. ಇದೆಲ್ಲ ಯಾವ ಖಾತೆಯಲ್ಲಿ ಬರೆಯುದು?

ಕೋಲಳತೆ

ಪಾರ್ಟ್ನರ್ ಹೇಳಿದ "ಅಷ್ಟೇ ವ್ಯತ್ಯಾಸ"ದ ಬಗ್ಗೆ. ನನ್ನ ಅಪ್ಪ ಸುರಂಗ ತೋಡ್ತಿದ್ದವರು, ಕೋಲು ಲೆಕ್ಕದಲ್ಲಿ ಕೂಲಿ, ಒಂದು ಕೋಲು ಅಂದ್ರೆ ಹೆಚ್ಚುಕಮ್ಮಿ ಎರಡೂವರೆ ಅಡಿ. ನಾನು ಮಣ್ಣು ಹೊತ್ತಿದ್ದೇನೆ, ಒಳಗೆ ಕ್ಯಾಂಡಲ್ ನಂದಿದ್ರೆ ವಾಪಸ್ ಓಡಿ ಬರುದು. ಹಾಗಾಗಿ ಗುಡ್ಡೆಯ ಹೊಟ್ಟೆ ನೋಡಿ ಗೊತ್ತುಂಟು.

ಮೇಲೆ ಗಟ್ಟಿ ಮುರಕಲ್ಲಿನ ಹೊದಿಕೆ, ಅದರಲ್ಲಿ ಜೇನುರೊಟ್ಟಿನ ಹಾಗೆ ತೂತು. ಕೆಳಗೆ ಹೋದ ಹಾಗೆ ಮೆತ್ತಗೆ, ಆಮೇಲೆ ಜೇಡಿ. ಮಳೆ ನೀರು ಪಳ್ಳದಲ್ಲಿ ನಿಂತು ಮೆಲ್ಲ ತೂತಿನಲ್ಲಿ ಇಳಿದು ಜೇಡಿಯ ಮೇಲೆ ಕೂತು ಬದಿಗೆ ಒಸರ್ತದೆ, ನಾವು ಅಡ್ಡಕ್ಕೆ ತೋಡಿ ಹಿಡಿಯುದು ಆ ಒಸರನ್ನೇ. ನಮ್ಮಲ್ಲಿ ಮಳೆಗೆ ಬರ ಇಲ್ಲ, ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಹತ್ರ ಹೊಡೀತದೆ. ಆದ್ರೆ ಬಿದ್ದದ್ದು ಸಂಜೆಗೆ ಕಡಲು ಸೇರ್ತದೆ, ಅದನ್ನು ತಡೆದು ಮಾರ್ಚ್‌ವರೆಗೆ ಕೊಡುದು ಈ ಗುಡ್ಡೆಯ ಕೆಲಸ. ಕೊಡಲಿಯಲ್ಲಿ ಕಡೀವಾಗ ಆಳು ಉದ್ದ ಹೋದ್ರೆ ಹೆಚ್ಚು. ಮೆಶಿನ್ ಹೊದಿಕೆಯನ್ನು ಪೂರ್ತಿ ಕೊಯ್ದು ಮೆತ್ತನೆ ಮಣ್ಣು ಬರುವವರೆಗೆ ಹೋಗ್ತದೆ. ಆಮೇಲೆ ಪಳ್ಳದ ನೀರು ಪಣೆಯ ಗೋಡೆಯಲ್ಲಿ ಜಿನುಗಿ ಹೊರಗೆ ಹೋಗುದೇ. ಅಡಿಯಲ್ಲಿ ಒಡೆದ ಕೊಡಪಾನಕ್ಕೆ ನೀರು ಹೊಯ್ದ ಹಾಗೆ.

ದುಬೈ ಬಸ್

ಲ್ಯಾಟರೈಟ್ ಅಂತ ಜಗತ್ತಿಗೇ ಹೆಸರು ಬಂದದ್ದು ನಮ್ಮ ಈ ಕಲ್ಲಿಂದ ಗೊತ್ತುಂಟಾ? ಬುಕನನ್ ಅಂತ ಬ್ರಿಟಿಷ್ ಡಾಕ್ಟ್ರು ಮಲಪ್ಪುರಂ ಹತ್ರ ಅಂಗಾಡಿಪುರದಲ್ಲಿ ನೋಡಿ 1807ರಲ್ಲಿ ಬರೆದದ್ದು, ಇಟ್ಟಿಗೆ ಹಾಗೆ ಕಡಿಯುವ ಕಲ್ಲು ಅಂತ ಲ್ಯಾಟಿನ್ ಹೆಸರಿಟ್ಟ. ಅಲ್ಲಿ ಅದಕ್ಕೊಂದು ಸ್ಮಾರಕ ಉಂಟು. ಕಲ್ಲಿಗೇ ಸ್ಮಾರಕ, ಪದವಿಗೆ ಜೆಸಿಬಿ 😂

ಹೊಸಂಗಡಿ ಹೈದ

ಪಳ್ಳವಾ ಪಲ್ಲವಾ? ನಮ್ಮಲ್ಲಿ ಪಲ್ಲ ಅಂತಾರೆ.

ಮುಳಿಮಾಡು

ಪಳ್ಳ.

ದುಬೈ ಬಸ್

ಇನ್ನು ಹತ್ತು ವರ್ಷದಲ್ಲಿ ಎರಡೂ ಇಲ್ಲ, ಬೋರ್ಡಲ್ಲಿ ಮಲಯಾಳದ "ಪಾರ" ಅಂತ ಬರ್ತದೆ. ಕುಂಬಳೆ ಹೋಗಿ ಕುಂಬಳ ಆಯ್ತು, ಮಂಜೇಶ್ವರಕ್ಕೆ "ಂ" ಅಂತ ಬಾಲ ಬಂತು. ಹೆಸರಿನ ಕೊಲಾಪ್ಸ್‌ಗೆ ಯಾವ ಕೆಟಗರಿ?

ನಿರ್ವಾಹಕ

ಹೆಸರಿನ ವಿಷಯಕ್ಕೆ ಬೇರೆ ಥ್ರೆಡ್ ಉಂಟು, ಅಲ್ಲಿ 400 ಕಮೆಂಟ್ ಆಗಿದೆ, ಅಲ್ಲಿಗೆ ಹೋಗಿ ಜಗಳ ಮಾಡಿ.

ಲೆಕ್ಕದ ಮಾಸ್ತ್ರು

ಎಲ್ರೂ ಕತೆ ಹೇಳಿದ್ರಿ, ಚೆಂದ ಉಂಟು. ಆದ್ರೆ ಆ ಸಭೆಯಲ್ಲಿ ನಕ್ಕವರ ಎದುರು ಕತೆ ನಡೆಯುದಿಲ್ಲ, ನಂಬ್ರ ಬೇಕು. ಮೂಲ ಪೋಸ್ಟಿನವರೇ, "ಸಣ್ಣದಿರುವಾಗ ಸಂಕ್ರಾಂತಿವರೆಗೆ ನೀರಿತ್ತು" ಅನ್ನುದು ನೆನಪು. ನೆನಪಿನಲ್ಲಿ ಮಾವಿನ ಹಣ್ಣೂ ದೊಡ್ಡದೇ ಇರ್ತದೆ. ಬರೆದಿಟ್ಟದ್ದು ಏನಾದ್ರೂ ಉಂಟಾ?

ಪದವಿನಂಚಿನವ

ಮಾಸ್ತ್ರೇ, ನೀವು ಕೇಳಿದ್ದಕ್ಕೆ ಅಟ್ಟಕ್ಕೆ ಹತ್ತಿದೆ. ಧೂಳಿಗೆ ಸೀನಿ ಸೀನಿ ಸಾಕಾಯ್ತು, ಆದ್ರೆ ಸಿಕ್ಕಿತು!!

ಅಜ್ಜ ಪಂಚಾಂಗದ ಅಂಚಿನಲ್ಲಿ ಪೆನ್ಸಿಲಲ್ಲಿ ಬರೀತಿದ್ರು. ದನ ಕರು ಹಾಕಿದ್ದು, ಅಡಿಕೆ ಕೊಟ್ಟ ರೇಟು, ಯಾರಿಗೆ ಎಷ್ಟು ಸಾಲ, ಅದರ ನಡುವಲ್ಲಿ ಪ್ರತಿ ವರ್ಷ "ಪಳ್ಳ ಆರಿತು" ಅಂತ ಒಂದು ಸಾಲು. ದನಗಳನ್ನು ಆ ದಿನದಿಂದ ಕೆಳಗಿನ ತೋಡಿಗೆ ಹೊಡೀಬೇಕಲ್ಲ, ಅದಕ್ಕೆ ಬರೆದದ್ದಿರಬೇಕು. 1974ರಿಂದ 83ರವರೆಗೆ ಹತ್ತೂ ವರ್ಷದ್ದು ಸಿಕ್ಕಿತು, ಆಮೇಲಿನದ್ದು ಕೆಲವು ಗೆದ್ದಲು ತಿಂದಿದೆ. ಅಮ್ಮ ಈಚೆಗೆ ಕ್ಯಾಲೆಂಡರಲ್ಲಿ ಅದೇ ಅಭ್ಯಾಸದಲ್ಲಿ ಬರೀತಾರೆ, 2020ರಿಂದ 24ರವರೆಗಿನ ಐದು ಕ್ಯಾಲೆಂಡರ್ ಉಂಟು. ಎಲ್ಲ ಫೋಟೋ ತೆಗೆದು ಮಾಸ್ತ್ರಿಗೆ ಕಳಿಸಿದ್ದೇನೆ. 1979ರ ಪುಟದಲ್ಲಿ ಕರಿಮೆಣಸಿನ ಲೆಕ್ಕದ ಮೇಲೆ ಚಾ ಚೆಲ್ಲಿದೆ, ಅದು ಅಜ್ಜನದ್ದೇ ಚಾ.

ಅಡಿಕೆಮಂಡೆ

ಅಡಿಕೆಗೆ 1976ರಲ್ಲಿ ಎಷ್ಟು ರೇಟು ಅದನ್ನು ಮೊದ್ಲು ಹಾಕಿ.

ಲೆಕ್ಕದ ಮಾಸ್ತ್ರು

ರಾತ್ರಿ ಕೂತು ಮಾಡಿದೆ. ಅಕ್ಟೋಬರ್ 1ರಿಂದ ಎಷ್ಟು ದಿನ ನೀರು ನಿಂತಿತ್ತು ಅಂತ ಎಣಿಸಿದೆ. ಅಜ್ಜನ ಹತ್ತು ವರ್ಷದ ಸರಾಸರಿ 92 ದಿನ, ಅಂದ್ರೆ ಜನವರಿ ಒಂದರ ಹತ್ರ. ನಿಮ್ಮ ನೆನಪಿನ ಸಂಕ್ರಾಂತಿಗಿಂತ ಎರಡು ವಾರ ಮೊದಲೇ, ನಾನು ಹೇಳ್ಲಿಲ್ವಾ. ಅಮ್ಮನ ಐದು ವರ್ಷದ ಸರಾಸರಿ 38 ದಿನ. ಇಳಿದದ್ದು 54.

ಈಗ ಕಡಲಕ್ಕಿ ಹೇಳಿದ ಪದ್ಧತಿಯಲ್ಲಿ "ತೀವ್ರತೆ" ಅಂತ ಒಂದುಂಟು. ಮೊದ್ಲು ಎಷ್ಟಿತ್ತೋ ಅಲ್ಲಿಂದ ಕುಸಿತದ ಗೆರೆಯವರೆಗಿನ ದಾರಿಯಲ್ಲಿ ಎಷ್ಟು ಪಾಲು ನಡೆದಾಯ್ತು ಅಂತ ನೋಡುದು. ಕುಸಿತದ ಗೆರೆ ಸೊನ್ನೆ ದಿನ ಅಂತ ಇಟ್ರೆ 92ರಲ್ಲಿ 54, ಅಂದ್ರೆ 59%. ಅಲ್ಲ, 20 ದಿನಕ್ಕಿಂತ ಕಮ್ಮಿ ನಿಂತ್ರೆ ಅದು ಪಳ್ಳ ಅಲ್ಲ ಬರೀ ಕೆಸರುಗುಂಡಿ ಅಂತ ಇಟ್ರೆ 72ರಲ್ಲಿ 54, 75%. ಗೆರೆ ಎಲ್ಲಿ ಎಳೀತೀರಿ ಅನ್ನುದರ ಮೇಲೆ ಹದಿನಾರು ಪರ್ಸೆಂಟ್ ಆಚೀಚೆ. ಗೆರೆ ಯಾರು ಎಳೆಯುದು?

ಕುಂಬ್ಳೆ ಕಡಲಕ್ಕಿ

ಮಾಸ್ತ್ರೇ ಸೂಪರ್. ಗೆರೆಯೇ ಈ ವಿದ್ಯೆಯ ತಲೆನೋವು. ಪ್ರಾಣಿಯಾದ್ರೆ ಕೊನೆಯದ್ದು ಸತ್ತ ದಿನ ಮುಗೀತು. ಜಾಗ ಹಾಗೆ ಸಾಯುದಿಲ್ಲ, ಬೇರೆ ಏನೋ ಆಗ್ತದೆ. ಅರಾಲ್ ಸಮುದ್ರ ಕೇಳಿದ್ದೀರಲ್ಲ, 1960ರಿಂದ ಹತ್ತಿಗೆ ಅಂತ ಎರಡೂ ನದಿ ತಿರುಗಿಸಿ ಒಣಗಿಸಿದ್ದು. ಈ ಪದ್ಧತಿಯಲ್ಲಿ ಕೊಲಾಪ್ಸ್ ಅಂತ ಮಾರ್ಕು ಬಿದ್ದದ್ದಕ್ಕೆ ಅದೇ ಹೆಸರಾದ ಉದಾಹರಣೆ. ಆದ್ರೆ ಅಲ್ಲಿ ನೀರು ಸೊನ್ನೆ ಆಗ್ಲಿಲ್ಲ, ಈಗಲೂ ಉಂಟು. ಮೀನು ಹೋಯ್ತು, ಉಪ್ಪು ಏರಿತು, ತುಂಡು ತುಂಡಾಯ್ತು, ಇದ್ದ ಸಮುದ್ರದ ಗುರುತು ಹೋಯ್ತು. ಹಾಗಾಗಿ ಸೊನ್ನೆ ದಿನ ಅನ್ನುದು ತಪ್ಪು ಗೆರೆ, ಅದಕ್ಕಿಂತ ಎಷ್ಟೋ ಮೊದಲೇ ಪಳ್ಳ ಪಳ್ಳವಾಗಿ ಉಳಿದಿರುದಿಲ್ಲ.

ಇನ್ನೊಂದು ತಮಾಷೆ. ತೀವ್ರತೆ 50 ದಾಟಿ 80ರ ಒಳಗಿದ್ರೆ ಒಂದೇ ಪಟ್ಟಿ. ನಿಮ್ಮ 59ಕ್ಕೂ 75ಕ್ಕೂ ಕೆಟಗರಿ ಒಂದೇ ಬರ್ತದೆ. ನಿಜವಾದ ಪ್ರಶ್ನೆ ಬೇರೆ: ಇದು ಒಂದು ಪಳ್ಳದ ಕತೆಯಾ, ಎಲ್ಲಾ ಪದವಿನ ಕತೆಯಾ? ಈ ತೀವ್ರತೆ ಶೇಕಡಾ 80 ಭಾಗದಲ್ಲಿ ಇದ್ರೆ ಎಂಡೇಂಜರ್ಡ್, ಅರ್ಧದಲ್ಲಿ ಮಾತ್ರ ಇದ್ರೆ ವಲ್ನರಬಲ್, ಅದಕ್ಕಿಂತ ಕಮ್ಮಿ ಇದ್ರೆ ಅದೂ ಇಲ್ಲ. ಒಂದು ಪಳ್ಳಕ್ಕೆ ಯಾರೂ ಕೆಂಪುಪಟ್ಟಿ ಮಾಡುದಿಲ್ಲ.

ಪಣೆ ಪಾರ್ಟ್ನರ್

ಮಳೆಯೇ ಬದಲಾಗಿದ್ರೆ? ತುಲಾ ಮಳೆ (ಅಕ್ಟೋಬರ್-ನವೆಂಬರಿನದ್ದು) ಮೊದಲಿನ ಹಾಗೆ ಬರುದಿಲ್ಲ ಅಂತ ಎಲ್ರೂ ಹೇಳ್ತಾರೆ. ಎಲ್ಲವನ್ನೂ ಪಣೆಯ ತಲೆಗೆ ಕಟ್ಟುದು ಯಾವ ನ್ಯಾಯ?

ಲೆಕ್ಕದ ಮಾಸ್ತ್ರು

ಇದು ಸರಿಯಾದ ಪ್ರಶ್ನೆ. ಒಪ್ಪಿದೆ. ಪಟ್ಟಿಗೆ ಕಾರಣ ಬೇಡ, ಜ್ವರ ಎಷ್ಟು ಅಂತ ಮಾತ್ರ ಸಾಕು. ಆದ್ರೆ ಮದ್ದು ಮಾಡ್ಬೇಕಾದ್ರೆ ಕಾರಣ ಬೇಕು. ಹತ್ತಿರದಲ್ಲಿ ಪಣೆ ಇಲ್ಲದ ಇನ್ನೊಂದು ಪಳ್ಳದ ಲೆಕ್ಕ ಸಿಕ್ಕಿದ್ರೆ ಹೋಲಿಸಬಹುದು, ಮಳೆ ಎರಡಕ್ಕೂ ಒಂದೇ ತಾನೇ.

ಅಡಿಕೆಮಂಡೆ

ನನಗೆ ಇನ್ನೊಂದು ಡೌಟು. ಆ ನೀಲಿ ಹೂ, ಕಪ್ಪೆಮರಿ ಎಲ್ಲ ಸೆಪ್ಟೆಂಬರ್ ಒಳಗೆ ಕೆಲಸ ಮುಗಿಸ್ತದೆ. ಅಕ್ಟೋಬರ್ ಮೇಲೆ ನೀರು 92 ದಿನ ನಿಂತ್ರೆ ಅವಕ್ಕೇನು, 38 ದಿನ ನಿಂತ್ರೆ ಅವಕ್ಕೇನು? ಮಾಸ್ತ್ರು ಅಳೆದದ್ದು ಪಳ್ಳವನ್ನಲ್ಲ, ದನದ ಬಾಯಾರಿಕೆಯನ್ನು.

ಕುಂಬ್ಳೆ ಕಡಲಕ್ಕಿ

ಅಡಿಕೆಮಂಡೆಯಲ್ಲಿ ಮಂಡೆಯೂ ಉಂಟು ಅಂತ ಇವತ್ತು ಗೊತ್ತಾಯ್ತು. ಪಾಯಿಂಟ್ ಉಂಟು. ಹೂವಿನ ಲೆಕ್ಕಕ್ಕೆ ಬೇರೆ ಅಳತೆ ಬೇಕು, ಕಲ್ಲಿನ ಮೇಲಿನ ತೆಳು ಮಣ್ಣು ಎಷ್ಟು ಉಳಿದಿದೆ ಅಂತ. ಪಣೆಗೆ ಮೊದಲು ಗೀರಿ ತೆಗೆಯುದು ಅದನ್ನೇ. ಆದ್ರೆ ಪದವಿನ ಕೆಲಸದಲ್ಲಿ ನೀರು ಹಿಡಿದು ಕೆಳಗೆ ಕೊಡುದೂ ಒಂದಲ್ವಾ, 92 ದಿನ ಅಳೆದದ್ದು ಅದನ್ನು. ಎರಡನ್ನೂ ಅಳೆದು ಯಾವುದು ಹೆಚ್ಚು ಕೆಟ್ಟಿದೆಯೋ ಅದನ್ನು ಹಿಡಿಯುದು.

ಮುಳಿಮಾಡು

ನವಿಲನ್ನು ಯಾರೂ ಹೇಳ್ಲಿಲ್ಲ. ನಮ್ಮ ಚಿಕ್ಕಂದಿನಲ್ಲಿ ನವಿಲು ನೋಡ್ಬೇಕಾದ್ರೆ ಸುಬ್ರಹ್ಮಣ್ಯನ ಫೋಟೋ ನೋಡ್ಬೇಕಿತ್ತು. ಈಗ ಬೆಳಿಗ್ಗೆ ಅಂಗಳದಲ್ಲಿ ನಾಲ್ಕು, ಬಸಳೆ ಚಪ್ಪರ ಪೂರ್ತಿ ಅವರದ್ದೇ. ಒಣ ಊರಿನ ಹಕ್ಕಿ ಒದ್ದೆ ಊರಿಗೆ ಬಂತು ಅಂದ್ರೆ ಊರು ಒಣಗ್ತಾ ಉಂಟು ಅಂತ ಅರ್ಥ.

ಹೊಸಂಗಡಿ ಹೈದ

ಸ್ಪ್ರೇ ಮಾಡ್ತಿದ್ದ ಕಾಲದಲ್ಲಿ ಜೇನು ಕಾಗೆ ಏನೂ ಇರ್ಲಿಲ್ಲ ಅಂತ ಎಣ್ಮಕಜೆಯ ನನ್ನ ಮಾವ ಹೇಳ್ತಾರೆ. ಗೇರುತೋಟಕ್ಕೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಕೀಟನಾಶಕ ಬಿಡುದು 2000ದಲ್ಲಿ ನಿಂತಿತು, ಸುಪ್ರೀಂ ಕೋರ್ಟ್ 2011ರಲ್ಲಿ ದೇಶಕ್ಕೇ ನಿಲ್ಲಿಸಿತು. ಈಗ ಅವರ ಮನೆ ಗೋಡೆಯಲ್ಲಿ ಎರಡು ತುಡುವೆ ಜೇನಿನ ಕುಟುಂಬ ಉಂಟು. ಹಾಗಾದ್ರೆ ಕುಸಿದದ್ದು ಎದ್ದು ಬಂತಾ?

ಕುಂಬ್ಳೆ ಕಡಲಕ್ಕಿ

ಜೇನು ಬಂದದ್ದು ಸಂತೋಷವೇ, ಮನುಷ್ಯರ ಕತೆ ಬೇರೆ, ಅದನ್ನು ಇಲ್ಲಿ ಒಂದು ಸಾಲಲ್ಲಿ ಹೇಳಿ ಮುಗಿಸ್ಲಿಕ್ಕೆ ನನಗೆ ಮನಸ್ಸಿಲ್ಲ. ವಿಷ ನಿಂತ್ರೆ ಹಾರುವಂಥದ್ದು ಆಚೆ ಗುಡ್ಡೆಯಿಂದ ಬರ್ತದೆ. ಕೊಯ್ದ ಕಲ್ಲು ಎಲ್ಲಿಂದ ಬರುದು? ಮುರಕಲ್ಲು ಆಗ್ಲಿಕ್ಕೆ ಲಕ್ಷಗಟ್ಟಲೆ ವರ್ಷ ಬೇಕು.

ದುಬೈ ಬಸ್

ಪೈವಳಿಕೆಯಲ್ಲಿ ಸೋಲಾರ್ ಪಾರ್ಕ್ ಆದಾಗಲೂ ಇದೇ ಅಲ್ವಾ, ಖಾಲಿ ಜಾಗ ಅಂತ. ನನಗೆ ಸೋಲಾರ್ ಬೇಕು, ಬೇಡ ಅನ್ನುದಿಲ್ಲ. ಸರ್ಕಾರದ ವೇಸ್ಟ್‌ಲ್ಯಾಂಡ್ ಅಟ್ಲಾಸಲ್ಲಿ ಬರಡು ಕಲ್ಲುಪ್ರದೇಶ ಅಂತ ಒಂದು ಕೆಟಗರಿಯೇ ಉಂಟು, ಮ್ಯಾಪಲ್ಲಿ ಆ ಬಣ್ಣ ಬಳಿದ ಮೇಲೆ ಅಲ್ಲಿ ಏನು ಮಾಡಿದ್ರೂ ಸುಧಾರಣೆಯೇ.

ಪದವಿನಂಚಿನವ

ಅದೇ. ನಕ್ಕವರ ಕೈಯಲ್ಲೂ ಒಂದು ಪಟ್ಟಿ ಇತ್ತು, ಅದರಲ್ಲಿ ಪದವಿಗೆ ಆಗಲೇ ಸೊನ್ನೆ ಬರೆದಾಗಿತ್ತು. ಸೊನ್ನೆಯಿಂದ ಕೆಳಗೆ ಇಳೀಲಿಕ್ಕೆ ಆಗುದಿಲ್ಲ ಅಲ್ವಾ ಮಾಸ್ತ್ರೇ.

ಕೋಲಳತೆ

ಪಣೆ ಇಲ್ಲದ ಇನ್ನೊಂದು ಪಳ್ಳದ ದಾಖಲೆ ಬೇಕು ಅಂದ್ರಲ್ಲ. ಪಂಚಾಂಗದಲ್ಲಿ ಬರೆಯುವ ಅಜ್ಜಂದಿರು ಎಲ್ಲಾ ಊರಲ್ಲಿ ಇರುದಿಲ್ಲ. ಆದ್ರೆ ಕ್ರಿಕೆಟ್ ಎಲ್ಲಾ ಊರಲ್ಲಿ ಉಂಟು. ನಮ್ಮ ಪದವಲ್ಲಿ ಸಮತಟ್ಟು ಜಾಗ ಅಂದ್ರೆ ಪಳ್ಳದ ತಳ ಒಂದೇ, ಅದು ಆರದೆ ಅಂಡರ್ ಆರ್ಮ್ ಟೂರ್ನಮೆಂಟ್ ಇಡ್ಲಿಕ್ಕೆ ಆಗುದಿಲ್ಲ. ನಮ್ಮ ಕ್ಲಬ್ಬಿನ ಹಳೇ ನೋಟೀಸ್ ಎಲ್ಲ ಕಪಾಟಲ್ಲಿ ಉಂಟು. 1991ರದ್ದು ಜನವರಿ ಕೊನೆಯ ಆದಿತ್ಯವಾರ. ಕಳೆದ ವರ್ಷದ್ದು ಜನವರಿ ಎರಡನೇ ಆದಿತ್ಯವಾರ. ನಮ್ಮಲ್ಲಿ ಪಣೆ ಇಲ್ಲ.

ಲೆಕ್ಕದ ಮಾಸ್ತ್ರು

!!! ನೋಟೀಸ್ ಎಲ್ಲಾ ವರ್ಷದ್ದು ಬೇಕು. ಎರಡು ವರ್ಷ ನೋಡಿ ಹೇಳ್ಲಿಕ್ಕೆ ಆಗುದಿಲ್ಲ, ಪ್ಯಾಂಡಲಿನವ ಸಿಗದೆ ಮುಂದೆ ಹಾಕಿದ್ದೂ ಇರಬಹುದು. ಬೇರೆ ಊರಿನ ಕ್ಲಬ್ಬಿನವರೂ ಹುಡುಕಿ. ಪದವಿನ ಹೆಸರು, ಟೂರ್ನಮೆಂಟ್ ತಾರೀಕು, ಹತ್ರ ಪಣೆ ಉಂಟಾ ಇಲ್ವಾ, ಮೂರೇ ಕಾಲಂ.

ಪಣೆ ಪಾರ್ಟ್ನರ್

ನಮ್ಮ ಕ್ಲಬ್ಬಿನದ್ದು ನನ್ನ ಹತ್ರ ಉಂಟು, 1998ರಿಂದ. ಕಳಿಸ್ತೇನೆ. ಪಣೆ "ಉಂಟು" ಅಂತ ಬರ್ಕೊಳ್ಳಿ.

ಅಡಿಕೆಮಂಡೆ

ನಮ್ಮಲ್ಲಿ ವಾಲಿಬಾಲ್.

ಪದವಿನಂಚಿನವ

ಅಪ್ಡೇಟ್: ಈ ವರ್ಷ ಸರಿಯಾಗಿ ಅಳೀಬೇಕು ಅಂತ ನಿನ್ನೆ ಪಳ್ಳಕ್ಕೆ ಹೋಗಿದ್ದೆ. ಗೂಟ ಹೊಡೀಲಿಕ್ಕೆ ನೋಡಿದೆ, ಕಲ್ಲಿಗೆ ಹೋಗುದಿಲ್ಲ, ಸುತ್ತಿಗೆಯ ಹಿಡಿ ಮುರೀತು. ಮತ್ತೆ ಬಿಳಿ ಪೈಂಟಲ್ಲಿ ಕಲ್ಲಿನ ಮೇಲೆ ಗೇಣಿಗೊಂದು ಗೆರೆ ಎಳೆದು ಬಂದೆ. ಇವತ್ತು ಬೆಳಿಗ್ಗೆ ಹೋಗಿ ನೋಡಿದ್ರೆ ಮೇಲಿನ ಗೆರೆಯ ಹತ್ರ ಯಾರೋ ಇದ್ದಿಲಲ್ಲಿ ದೊಡ್ಡದಾಗಿ "ಬೌಂಡರಿ" ಅಂತ ಬರೆದಿದ್ದಾರೆ.